ಹೆಸರಿಡುವ ಹೊತ್ತಿಗೆ ಬಂದ ಬೆಳಕು

ನಂದಿತಾ ಹೆಸರು ಹೇಳಲು ತಮ್ಮನ ಕೂಸಿನ ಕಿವಿಯ ಹತ್ತಿರ ಬಾಯಿ ತಂದಿದ್ದಳಷ್ಟೇ, ಚಾಪೆಯ ಮೇಲಿದ್ದ ಅವಳ ಮೊಬೈಲು ಕಿರುಚಿಕೊಂಡಿತು. ಆಕಾಶದಲ್ಲೆಲ್ಲೋ ದೂರದ ನಕ್ಷತ್ರ ಸತ್ತು ಗಾಮಾ ಕಿರಣ ಸ್ಫೋಟವಾದರೆ ಮಾತ್ರ ಬರುವ ಸದ್ದು ಅದು. ಖಗೋಳ ವಿಜ್ಞಾನಿಯಾದ ಅವಳು ಹೆಸರು ಹೇಳುವುದನ್ನು ಬಿಟ್ಟು ಪರದೆಯತ್ತ ಕತ್ತು ತಿರುಗಿಸಿದಳು.

“ಆಫ್ ಮಾಡಿ ಕೂತ್ಕೋ ಅಂತ ಬಡ್ಕೊಂಡೆ,” ಎಂದರು ತಾಯಿ ಸರ್ವಮಂಗಳ. ಶೆಟ್ಟಿಹಳ್ಳಿಯ ಮನೆ ತುಂಬ ನೆಂಟರು. ಸೋದರತ್ತೆ ಹೆಸರು ಹೇಳುವವರೆಗೆ ಕೂಸನ್ನು ಮಡಿಲಿಂದ ಇಳಿಸುವಂತಿಲ್ಲ.

“ಅಮ್ಮಾ, ಮೊದಲನೇ ನಕ್ಷತ್ರಗಳ ಕಾಲದ ಬೆಳಕಿರ್ಬೋದು ಇದು. ನಾನು ಒಪ್ಪಿದ್ರೇನೇ ಚಿಲಿಯಲ್ಲಿರೋ ಟೆಲಿಸ್ಕೋಪು ಆ ಕಡೆ ತಿರುಗೋದು.”

“ಯಾವಾಗ ಹೊರಟಿದ್ದಂತೆ?”

“ಭೂಮಿ ಹುಟ್ಟೋಕೂ ಮುಂಚೆ.”

“ಅಷ್ಟು ಕಾಲದಿಂದ ಬರ್ತಿರೋದು, ಇನ್ನೈದು ನಿಮಿಷ ನಿಲ್ಲಲ್ವೇನೇ?”

“ನಿಲ್ಲಲ್ಲಮ್ಮ! ಬಂದಾಯ್ತು, ಆರಿಹೋಗ್ತಾ ಇದೆ!” ನಂದಿತಾ ಕೂಗಿಯೇಬಿಟ್ಟಳು. ಕೂಸು ಬೆಚ್ಚಿ ಚೀರಿತು. ಕತ್ತು ನಿಲ್ಲದ ಕೂಸು. ಒಂದು ಕೈಯನ್ನೂ ಬಿಡುವಂತಿರಲಿಲ್ಲ.

ಸರ್ವಮಂಗಳ ಅರಿಶಿನ ಕುಂಕುಮದ ತಟ್ಟೆಯನ್ನು ನೆಲಕ್ಕೆ ಕುಕ್ಕಿ, ಮೊಬೈಲು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು.

“ಎಲ್ಲಿ ಒತ್ತಬೇಕು, ಬೊಗಳು ಬೇಗ.”

“ಕೆಳಗಡೆ, ಹಸಿರು ಬಟನ್ನು.”

ಅವರು ಒತ್ತಿದರು. ಪರದೆಯ ಮೇಲೆ ಹೆಬ್ಬೆರಳಿನಷ್ಟು ಅರಿಶಿನ ಮೆತ್ತಿಕೊಂಡಿತು. ಅದರಡಿಯಲ್ಲಿ ಉತ್ತರ ಬಂತು: ದೂರದ ಬೆಟ್ಟದ ಮೇಲೆ ಟೆಲಿಸ್ಕೋಪು ತಿರುಗುತ್ತಿದೆ.

“ತಿರುಗ್ತಾ ಇದ್ಯೇನೇ?”

“ಹೂಂ.”

ಸರ್ವಮಂಗಳ ಮೊಬೈಲನ್ನು ಸೆರಗಿನಿಂದ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಈಗಲಾದ್ರೂ ಹೆಸರು ಹೇಳೇ ತಾಯಿ. ಮಡಿಲಲ್ಲಿರೋ ಇವಳೂ ಬಂದಾಯ್ತು.”