ಕಪಾಟಿನೊಳಗಿನ ಪಂಪು

ಲೋಬಾನದ ಹೊಗೆ ಮೂಗಿಗೆ ಬಡಿದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು.

ಆ ಮಧ್ಯಾಹ್ನ ಅಕ್ಕನನ್ನು ನೋಡಲು ಅಕ್ಕಲಕೋಟೆಯಿಂದ ಗಂಡಿನವರು ಸೋಲಾಪುರದ ನಮ್ಮ ಮನೆಗೆ ಬಂದಿದ್ದರು. ಅಜ್ಜಿ ಮನೆತುಂಬ ಲೋಬಾನ ಹಾಕಿದ್ದಳು. ನನ್ನ ಎದೆ ಸುಂಯ್‌ಗುಟ್ಟತೊಡಗಿತು. ದಮ್ಮಿಗೆಂದು ಡಾಕ್ಟರು ಕೊಟ್ಟ ಪಂಪನ್ನು ಅವಳೇ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಳು.

"ಮನಿಗೆ ಬಂದ ಪಾವಣೇರ ಮುಂದ ಬ್ಯಾಡ. ದಮ್ಮಿನ ಮನೆತನ ಅಂತಾರ. ಬಿಸಿನೀರು ಕುಡಿ," ಎಂದು ಅಜ್ಜಿ ಪಿಸುಗುಟ್ಟಿದಳು.

ಅವ್ವ ಚಹಾದ ಟ್ರೇ ಕೆಳಗಿಟ್ಟಳು. "ಕೀಲಿ ಕೊಡ್ರಿ ಅತ್ತಿ! ಕೂಸಿಗೆ ಉಸಿರು ಆಡವಲ್ದು, ನಿಮಗ ಮಂದಿ ಚಿಂತಿ ಏನ್ರಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

ಕೀಲಿ ಇಸಿದುಕೊಂಡು ಕಪಾಟು ತೆರೆದು, ಗಂಡಿನವರೆದುರೇ ನನ್ನನ್ನು ತೊಡೆಗೆ ಒರಗಿಸಿಕೊಂಡು ಬಾಯಿಗೆ ಪಂಪು ಇಟ್ಟು ಒತ್ತಿದಳು. ಮೆಲ್ಲಗೆ ಉಸಿರು ಸಡಿಲಾಯಿತು.

ಬಂದವರು ಚಹಾ ಮುಟ್ಟದೆ ಎದ್ದರು. ಅಜ್ಜಿ ಹಣೆ ಬಡಿದುಕೊಂಡಳು. ಜರಿಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಕ ಒಂದೊಂದಾಗಿ ಕಿಟಕಿಗಳನ್ನೆಲ್ಲ ತೆರೆದಳು.