ಡ್ರೈವರ್ ನಿಂಗರಾಜುವಿನ ಕಿವಿ

ಶ್ರವಣಶಾಸ್ತ್ರದ ಉನ್ನತ ವ್ಯಾಸಂಗಕ್ಕೆಂದು ನೇಪಾಳದಿಂದ ಬಂದಿದ್ದ ಆಸ್ಮಿತಾಳ ಮುಂದೆ ಧಣಿಯೊಬ್ಬರು ತಮ್ಮ ಡ್ರೈವರನ್ನು ತಂದು ಕೂರಿಸಿದರು.

"ಹನ್ನೆರಡು ವರ್ಷದಿಂದ ನನ್ನ ಗಾಡಿ ಓಡಿಸ್ತಿದಾನಮ್ಮ. ಹಿಂದೆ ಕೂತು ನಾವೇನು ಮಾತಾಡಿದ್ರೂ ಇವನಿಗೆ ಒಂದಕ್ಷರ ಕೇಳ್ಸಲ್ಲ. ಒಂಚೂರಾದ್ರೂ ಕೇಳ್ಸತ್ತಾ, ಸರಿಯಾಗಿ ನೋಡಿ."

ಡ್ರೈವರಿನ ಕಿವಿಗೆ ಇಷ್ಟು ಮರುಗುವ ಧಣಿಯೂ ಇರುತ್ತಾರಲ್ಲ ಎಂದುಕೊಂಡಳು ಆಸ್ಮಿತಾ.

ಹೆಡ್‌ಫೋನಿನಲ್ಲಿ ಶಬ್ದ ಕೇಳಿಸಿದೊಡನೆ ಬೆರಳೆತ್ತಬೇಕಿತ್ತು; ಎಷ್ಟು ಜೋರಾಗಿ ಕೊಟ್ಟರೂ ನಿಂಗರಾಜು ಬೆರಳೆತ್ತಲಿಲ್ಲ. ಆಕೆ ಇಲ್ಲಿಗೆ ಬಂದ ಮೇಲೆ ಕಲಿತ ಪರೀಕ್ಷೆಯೊಂದಿತ್ತು. ಹಣೆಗೆ ತಂತಿ ಅಂಟಿಸಿದರೆ, ಶಬ್ದ ಮೆದುಳಿಗೆ ಮುಟ್ಟಿತೋ ಇಲ್ಲವೋ ಎಂಬುದನ್ನು ಯಂತ್ರವೇ ತೋರಿಸುತ್ತದೆ ಎಂದು ಧಣಿಗೆ ವಿವರಿಸಿ, ಆಕೆ ಅವರನ್ನು ಹೊರಗೆ ಕೂರಿಸಿದಳು. ತಂತಿ ಕಂಡದ್ದೇ ಅವನು ಆಕೆಯ ಕೈ ಬಿಗಿಯಾಗಿ ಹಿಡಿದುಕೊಂಡು, ಬೇಡ ಬೇಡವೆಂದು ತಲೆಯಾಡಿಸಿದ. ನೋವಿಗೆ ಹೆದರಿದ್ದಾನೆಂದುಕೊಂಡು ಆಕೆ ಅವನ ಭುಜ ತಟ್ಟಿ ಸಮಾಧಾನ ಮಾಡಿದಳು.

ಪರದೆಯ ಮೇಲೆ ಅಲೆಗಳು ಸ್ಪಷ್ಟವಾಗಿ ಮೂಡಿದವು. ಆಸ್ಮಿತಾ ಖುಷಿಯಿಂದ ಹೊರಗೆ ಓಡಿದಳು.

"ಸರ್, ಇವರ ಕಿವಿಗೆ ಏನೂ ಆಗಿಲ್ಲ! ಪಿಸುಮಾತು ಕೂಡ ಕೇಳಿಸುತ್ತದೆ!"

ಧಣಿ ಒಳಗೆ ಬಂದು, ಮೆಲುದನಿಯಲ್ಲಿ ಹೇಳಿದರು:

"ಗಾಡಿ ಕೀ ಕೊಡು ನಿಂಗರಾಜು. ಇವತ್ತು ನಾನೇ ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತ್ಕೊ."