ಅಜ್ಜನಿಗೆ ಕಾಕಾ ಹಾಡಿದ್ದು

ಜ್ಯೇಷ್ಠಮಧುವಿನ ವಾಸನೆ ಬಂದರೆ ಈಗಲೂ ನನಗೆ ಅಣ್ಣಿಗೇರಿಯ ನಮ್ಮ ಪಡಸಾಲೆ ನೆನಪಾಗುತ್ತದೆ, ಗಂಟಲು ಕಾಯಲು ಆ ಬೇರನ್ನು ಸದಾ ಅಗಿಯುತ್ತಿದ್ದ ಕಾಕಾ ನೆನಪಾಗುತ್ತಾನೆ.

ಒಂದು ದಿನ ಮುಂಜಾನೆ ಅಜ್ಜ ತೀರಿಕೊಂಡ. ನಮ್ಮ ಪದ್ಧತಿಯಂತೆ ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎದುರಿಗೆ ಭಜನೆ ನಡೆಸಿದ್ದರು. ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡುತ್ತಿದ್ದ ಕಾಕಾ ಸಂಜೆ ಹೊತ್ತಿಗೆ ಪುಣೆಯಿಂದ ಬಂದ. ಮಗನ ಹಾಡನ್ನು ಅಜ್ಜ ಒಮ್ಮೆಯೂ ಕೇಳಿದವನಲ್ಲ. ಹೆಸರೆತ್ತಿದರೆ, “ಹಾಡಿನ ಹುಚ್ಚು ಹಿಡದು ಹೊಲಾ ಬಿಟ್ಟು ಹ್ವಾದಂವ” ಅಂದು ಮುಖ ತಿರುವುತ್ತಿದ್ದ.

ಕಾಕಾ ಭಜನೆಗೆ ದನಿಗೂಡಿಸಲು ನೋಡಿದ. ಅವನದು ಆಳದ ದನಿ. ಭಜನೆಯ ಏರುಸ್ವರಕ್ಕೆ ಅದು ಹತ್ತದೆ ಒಡೆಯಿತು. ತಲೆ ತಗ್ಗಿಸಿ ಕುಳಿತ.

ಅಜ್ಜಿ ಹಾರ್ಮೋನಿಯಂ ಬಾರಿಸುವವನ ಕಡೆ ತಿರುಗಿದಳು. “ಸುರಾ ಇಳಸೋ ತಮ್ಮಾ.”

“ಅಷ್ಟ ಕೆಳಗ ಇಳಸಿದ್ರ ನಮಗ ಹಾಡಾಕ ಆಗೂದಿಲ್ರಿ ಆಯಿ.”

“ಆಗದಿದ್ರ ಸುಮ್ನ ಕುಂಡರ್ರಿ. ಮಗಾ ಹಾಡ್ಲಿ, ಅಪ್ಪಾ ಕೇಳ್ಲಿ.”

ಕಾಕಾ ಒಬ್ಬನೇ ಹಾಡಿದ. ಅಷ್ಟು ಕೆಳಗಿನ ಸ್ವರವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಜ್ಜನ ಬಾಜುವಿಗೆ ಕುಳಿತಿದ್ದ ನನಗೆ, ಒರಗಿದ್ದ ಗೋಡೆ ಸಣ್ಣಗೆ ನಡುಗುವುದು ಬೆನ್ನಿಗೆ ತಿಳಿಯಿತು.

ಅಜ್ಜನ ಬೆನ್ನೂ ಅದೇ ಗೋಡೆಗಿತ್ತು.